ಕೆಂಪು ಅಕ್ಷರದ ಕರುಣಾವತಿ

ಜೂನ್ 3, ಸೋಮವಾರ

ಅರಾಸಾಕಿ ಪಟ್ಟಣದ ತಿಮಿಂಗಿಲ ಸಂಗ್ರಹಾಲಯದ ಮೇಲ್ವಿಚಾರಕನೂ, ಟೋಕಿಯೋದಲ್ಲಿ ಸಾಹಿತ್ಯ ಓದಿ ಬಂದವನೂ, ಅರವತ್ತೆರಡು ವರ್ಷ ಕಳಂಕವಿಲ್ಲದೆ ಬಾಳಿದವನೂ ಆದ ಉರಾಬೆ ತೆರುವೊ ಎಂಬ ನಾನು, ಇಂದು ಬೆಳಿಗ್ಗೆ ಸ್ವಸ್ಥಚಿತ್ತದಿಂದ, ಯಾರ ಪ್ರಚೋದನೆಯೂ ಇಲ್ಲದೆ, ಒಂದು ಅಪರಾಧ ಎಸಗಿದ್ದೇನೆ. ಶತ್ರುಗಳ ಬ್ಯಾನರಿಗೆ ಒಂದು ಚುಕ್ಕೆ ಇಟ್ಟಿದ್ದೇನೆ.

ಟೋಕಿಯೋದಿಂದ ಬಂದಿರುವ ಪ್ರತಿಭಟನೆಯ ಮಕ್ಕಳು ಬಂದರಿನ ಬೇಲಿಗೆ ಅದನ್ನು ಕಟ್ಟಿದ್ದರು. ‘ತಿಮಿಂಗಿಲಗಳನ್ನು ಕೊಲ್ಲಬೇಡಿ.’ ಅವರ ಅಭಿಪ್ರಾಯ ಅವರದು. ಆದರೆ ನಮ್ಮ ಲಿಪಿಯಲ್ಲಿ ತಿಮಿಂಗಿಲ ಎಂದು ಬರೆಯುವಾಗ ಅದರೊಳಗಿನ ಮೀನಿನ ಚಿಹ್ನೆಯ ಹೊಟ್ಟೆಯ ಕೆಳಗೆ ನಾಲ್ಕು ಚುಕ್ಕೆ ಇರಬೇಕು. ಅವರು ಮೂರೇ ಇಟ್ಟಿದ್ದರು. ತಿಮಿಂಗಿಲವನ್ನು ಉಳಿಸಲು ಬಂದವರು ಅದರ ಕಾಲುಭಾಗವನ್ನು ದಾರಿಯಲ್ಲೇ ಕಳೆದುಕೊಂಡಿದ್ದರು. ಅತ್ತಿತ್ತ ನೋಡಿ, ಜೇಬಿನಿಂದ ದಪ್ಪ ಪೆನ್ನು ತೆಗೆದು, ನಾಲ್ಕನೆಯ ಚುಕ್ಕೆ ಇಟ್ಟೆ. ವಿದ್ಯೆ ಎನ್ನುವುದು ಒಂದು ಕಾಯಿಲೆ.

ಅವರ ಇನ್ನೊಂದು ಬ್ಯಾನರಿನಲ್ಲಿ ನಮ್ಮೂರಿನವರಿಗೆ ಕೊಬ್ಬು ಎಂದಿದೆ. ಅದನ್ನು ತಿದ್ದಲಿಲ್ಲ. ಕೊಬ್ಬು ಇರುವುದು ನಿಜ. ಒಳ್ಳೆಯ ಕಾಲದಲ್ಲಿ ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದೆವು.

ಜುಲೈ ಒಂದಕ್ಕೆ ಬೇಟೆ ಮತ್ತೆ ಶುರು. ಸರ್ಕಾರ ಬೇಟೆಯನ್ನು ನಿಷೇಧಿಸಿದ್ದ ಆ ಅಂತರರಾಷ್ಟ್ರೀಯ ಆಯೋಗಕ್ಕೆ ದೊಡ್ಡ ನಮಸ್ಕಾರ ಹಾಕಿ ಹೊರಬಂದಿದೆ. ಮೂವತ್ತು ವರ್ಷದಿಂದ ಬರೀ ಬಂಗುಡೆ, ಆಕ್ಟೋಪಸ್ ಎಂದುಕೊಂಡು ಕೂತಿದ್ದ ನಮ್ಮ ಬಂದರಿನಲ್ಲಿ ಸಹಕಾರ ಸಂಘದ ಬೇಟೆ ದೋಣಿಗೆ ಹೊಸ ಬಣ್ಣ ಬಳಿದಿದ್ದಾರೆ. ಮೂತಿಯ ಮೇಲಿನ ಈಟಿಫಿರಂಗಿ ಫಳಫಳ. ಅದರ ಹಿಂದೆ ನಿಲ್ಲುವವನು ನನ್ನ ಗೆನ್. ಒಕಿಟ್ಸು ಗೆನ್ಸಾಕು, ಒಂದನೇ ತರಗತಿಯಿಂದ ನನ್ನ ಪಕ್ಕ ಕೂತವನು, ಆಮೇಲೆ ಸಂಶೋಧನೆಯ ಹೆಸರಿನಲ್ಲಿ ಸರ್ಕಾರದ ಹಡಗು ಹತ್ತಿ ದಕ್ಷಿಣ ಧ್ರುವದ ಕಡಲಿನವರೆಗೆ ಹೋಗಿ ಹೊಡೆದು ಬಂದವನು. ಫಿರಂಗಿಯ ಪರವಾನಗಿ ಇರುವುದು ಊರಿನಲ್ಲಿ ಅವನೊಬ್ಬನಿಗೇ.

ಪಟ್ಟಣಾಧ್ಯಕ್ಷರು ನನಗೆ ಸ್ಪಷ್ಟವಾಗಿ ಹೇಳಿದ್ದಾರೆ: ಮೊದಲ ತಿಮಿಂಗಿಲ ನಮ್ಮ ಬಂದರಿಗೆ ಬಂದರೆ ಸಂಗ್ರಹಾಲಯಕ್ಕೆ ಹೊಸ ಚಾವಣಿ. ಬರದಿದ್ದರೆ ಚಳಿಗಾಲಕ್ಕೆ ಮುಂಚೆ ಬೀಗ, ಅಸ್ಥಿಪಂಜರ ಗೋದಾಮಿಗೆ. ನನಗೆ ಚಿಂತೆಯಿಲ್ಲ. ಗೆನ್ ಮಾತು ಕೊಟ್ಟಿದ್ದಾನೆ. ಅವನು ಹೊಡೆಯುತ್ತಾನೆ, ನಾನು ವಿವರಿಸುತ್ತೇನೆ. ಅವನು ತಿಮಿಂಗಿಲವನ್ನು ಒಂದು ಕಡೆಯಿಂದ ಮಾತ್ರ ಬಲ್ಲ, ಫಿರಂಗಿಯ ಹಿಂದಿನಿಂದ. ಎಲ್ಲ ಕಡೆಯಿಂದ ಬಲ್ಲವನು ಈ ಕರಾವಳಿಯಲ್ಲಿ ನಾನೊಬ್ಬನೇ.

ಜೂನ್ 8, ಶನಿವಾರ

ನನ್ನ ತಲೆಯ ಬಗ್ಗೆ ನನಗೇ ಗೌರವ ಬರುವಂಥ ದಿನ.

ನಮ್ಮೂರ ಪದ್ಧತಿ: ಋತುವಿನ ಮೊದಲ ತಿಮಿಂಗಿಲಕ್ಕೆ ಮಠದ ಸ್ಮಶಾನದಲ್ಲಿ ಒಂದು ಕಲ್ಲು, ಆ ಕಲ್ಲಿನ ಮೇಲೆ ಮನುಷ್ಯರಿಗೆ ಸತ್ತ ಮೇಲೆ ಕೊಡುವಂಥದೇ ಒಂದು ಹೆಸರು. ಉಳಿದವುಗಳ ಪ್ರಾರ್ಥನೆಯೂ ಆ ಹೆಸರಿನಲ್ಲೇ ಸಲ್ಲುತ್ತದೆ. ಜುಲೈ ಒಂದಕ್ಕೆ ಟೀವಿಯವರು ಬರುತ್ತಾರೆ, ಸಂಜೆಗೇ ಹೋಗುತ್ತಾರೆ. ಕಲ್ಲು ಕೆತ್ತುವ ಇಶಿಗುರೊ ಅಜ್ಜನಿಗೆ ಎರಡು ವಾರ ಬೇಕು. ‘ಏನು ಮಾಡೋಣ, ಉರಾಬೆಯವರೇ?’ ಎಂದು ಸಭೆಯಲ್ಲಿ ಅಧ್ಯಕ್ಷರು ತಲೆ ಹಿಡಿದುಕೊಂಡರು.

‘ಈಗಲೇ ಕೆತ್ತಿಸೋಣ,’ ಎಂದೆ. ‘ಹೇಗೂ ಸಾಯೋದು ಗ್ಯಾರಂಟಿ ತಾನೇ?’

ಸಭೆ ನಕ್ಕಿತು. ಅಂಗೀಕಾರವಾಯಿತು. ಹೆಸರನ್ನು ನಾನೇ ಹೊಸೆದೆ, ಮಠದ ಗುರುಗಳು ಒಪ್ಪಿದರು: ನೀಲತರಂಗ ಕರುಣಾವತಿ. ಹೆಣ್ಣೇಕೆ ಎಂದು ಗುರುಗಳು ಕೇಳಿದರು. ಲಯಕ್ಕೆ ಎಂದೆ.

ಗೆನ್ ಸಭೆಯ ಮೂಲೆಯಲ್ಲಿ ಕೂತು ಕಡಲೆ ತಿನ್ನುತ್ತಿದ್ದ. ನನ್ನ ನಗೆಹನಿಗೆ ನಗಲಿಲ್ಲ. ಅವನಿಗೆ ಹಾಸ್ಯ ಯಾವತ್ತೂ ತಡವಾಗಿ ಅರ್ಥವಾಗುತ್ತದೆ.

ಜೂನ್ 13

ಪ್ರತಿಭಟನೆಯವರ ನಾಯಕಿ, ಸಾಯೊ ಎಂಬ ಹುಡುಗಿ, ಟಿಕೆಟ್ ಕೊಂಡು ಸಂಗ್ರಹಾಲಯಕ್ಕೆ ಬಂದಳು. ಕೊಂಡವಳನ್ನು ಬಯ್ಯುವ ಹಾಗಿಲ್ಲ.

‘ಸರ್, ಯಾರೋ ನಮ್ಮ ಬ್ಯಾನರ್ ತಿದ್ದಿದಾರೆ. ಯಾರು ಅಂತ ಗೊತ್ತಾದ್ರೆ ಥ್ಯಾಂಕ್ಸ್ ಹೇಳಿ.’

ಗಂಟಲು ಸರಿಮಾಡಿಕೊಂಡು, ನಾವು ನಾನೂರು ವರ್ಷದಿಂದ ಹಿಡಿಯುತ್ತಿದ್ದೇವೆ, ಅವು ಮುಗಿಯಲಿಲ್ಲ ಎಂದೆ. ಮುಗಿಸಿದ್ದು ದೀಪದೆಣ್ಣೆಗಾಗಿ ಕೊಂದು ಮಾಂಸವನ್ನು ಸಮುದ್ರಕ್ಕೆ ಎಸೆದ ಪರದೇಶದ ಹಡಗುಗಳು. ಈಗ ಅವರ ಮೊಮ್ಮಕ್ಕಳು ನಮಗೆ ದಯೆ ಕಲಿಸುತ್ತಾರೆ. ನಾವಾದರೋ ಮೂಳೆ, ನರ, ನಾಲಿಗೆ ಯಾವುದನ್ನೂ ಬಿಡದೆ ಬಳಸಿ, ಕೊನೆಗೆ ಕಲ್ಲು ನೆಟ್ಟು ಹೆಸರಿಟ್ಟವರು. ತಿಮಿಂಗಿಲವನ್ನೇ ನುಂಗುವ ಪ್ರಾಣಿಗೆ ಭಾರತದ ಪುರಾಣದಲ್ಲಿ ತಿಮಿಂಗಿಲಗಿಲ ಎಂಬ ಹೆಸರಿದೆಯಂತೆ. ನಾವು ಮರ್ಯಾದಸ್ಥ ತಿಮಿಂಗಿಲಗಿಲರು.

‘ಆದ್ರೆ ಸರ್, ನನ್ನ ವಯಸ್ಸಿನವ್ರು ಯಾರೂ ತಿನ್ನಲ್ಲ. ಕೋಲ್ಡ್ ಸ್ಟೋರೇಜಲ್ಲಿ ಕೊಳೀತಾ ಇದೆ. ಸಮುದ್ರದಲ್ಲಿ ಎಷ್ಟಿವೆ ಅಂತ ಸರಿಯಾಗಿ ಯಾರಿಗೂ ಗೊತ್ತಿಲ್ಲ, ಎಷ್ಟು ಹೊಡೀಬಹುದು ಅನ್ನೋದು ಮಾತ್ರ ಎಲ್ರಿಗೂ ಗೊತ್ತು. ಇದ್ಯಾವ ಲೆಕ್ಕ?’

‘ನೀನು ತಿಂದಿದೀಯಾ?’

‘ಇಲ್ಲ.’

‘ತಿನ್ನದೆ ಮಾತಾಡಬೇಡಮ್ಮ.’

‘ಸರಿ ಸರ್. ನೀವು ಅದನ್ನ ಸಾಯಿಸಿದೀರಾ?’

‘ನಾನು ವಿದ್ವಾಂಸ!’ ಎಂದೆ. ಉತ್ತರ ಕೊಡುವಾಗ ಚೆನ್ನಾಗಿತ್ತು. ಬರೆದಾಗ ಅಷ್ಟು ಚೆನ್ನಾಗಿ ಕಾಣುತ್ತಿಲ್ಲ.

ಜೂನ್ 20, ಗುರುವಾರ

ಕಲ್ಲು ಬಂತು. ಗೆನ್‌ನ ತೀರಿಹೋದ ಹೆಂಡತಿ ಮಿತ್ಸುಎಯ ಕಲ್ಲಿನಿಂದ ಎರಡು ಮಾರು ದೂರದಲ್ಲಿ, ಕಡಲು ಕಾಣುವ ಜಾಗದಲ್ಲಿ ನಿಲ್ಲಿಸಿದರು. ಬೂದು ಗ್ರಾನೈಟು. ಅಕ್ಷರ ಮುತ್ತಿನಂತೆ. ಆದರೆ ಅಕ್ಷರಗಳ ಒಳಗೆಲ್ಲ ಕೆಂಪು ಬಣ್ಣ ತುಂಬಿದೆ!

‘ಅಜ್ಜಾ, ಇದೇನಿದು?’

‘ಕೆಂಪು,’ ಎಂದ ಇಶಿಗುರೊ ಅಜ್ಜ. ಎಂಬತ್ತು ದಾಟಿದೆ, ಅರ್ಧ ಕಿವಿ ಕೇಳಿಸುವುದಿಲ್ಲ.

‘ಕೆಂಪು ಅಂತ ಕಾಣ್ತಿದೆ. ಯಾಕೆ?’

‘ಸತ್ತಿಲ್ವಲ್ಲ?’

ನಿಜ, ನಮ್ಮಲ್ಲಿ ಗಂಡ ಹೆಂಡತಿಗೆ ಒಂದೇ ಕಲ್ಲು. ಒಬ್ಬರು ಹೋದಾಗ ಇದ್ದವರ ಹೆಸರನ್ನೂ ಜೊತೆಗೇ ಕೆತ್ತಿ ಕೆಂಪು ತುಂಬುತ್ತಾರೆ. ಅವರು ಸತ್ತ ದಿನ ಕೆಂಪನ್ನು ಕೆರೆದು ತೆಗೆಯುತ್ತಾರೆ. ಹೆಸರು ಮೊದಲೇ ಪಡೆದವರಿಗೆ ಆಯುಸ್ಸು ಗಟ್ಟಿ ಎನ್ನುವ ನಂಬಿಕೆ ಬೇರೆ. ಅಜ್ಜ ಅರವತ್ತು ವರ್ಷದಿಂದ ಹೀಗೇ ಮಾಡುತ್ತಿರುವುದು. ಗಿರಾಕಿ ಮನುಷ್ಯನೋ ಮೀನೋ ಎಂದು ಅವನು ಯಾಕೆ ಕೇಳುತ್ತಾನೆ?

ನನಗೆ ನಗು ತಡೆಯಲಾಗಲಿಲ್ಲ. ಟೀವಿಯಲ್ಲಿ ಕೆಂಪು ಚೆನ್ನಾಗಿ ಕಾಣುತ್ತದೆ, ಇರಲಿ ಎಂದೆ. ಗೆನ್‌ನನ್ನು ಕರೆದು ತೋರಿಸಿದೆ. ಅವನು ಟೋಪಿ ತೆಗೆದು ಹೆಸರನ್ನು ಓದಿದ.

‘ಯಾರಿದು?’ ಎಂದ.

‘ಇನ್ಯಾರು, ನೀನು ಹೊಡೆಯೋಳು!’

ಟೋಪಿ ಹಾಕಿಕೊಳ್ಳದೆ ಇಳಿದು ಹೋದ.

ಜೂನ್ 23, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ನಡೆದದ್ದು ನಡೆದಂತೆ ದಾಖಲಾಗಬೇಕು. ಮುಂದೆ ಯಾರಾದರೂ ದ್ರೋಹದ ಬಗ್ಗೆ ಸಂಶೋಧನೆ ಮಾಡಿದರೆ ಉಪಯೋಗಕ್ಕೆ ಬರುತ್ತದೆ.

ಮಧ್ಯಾಹ್ನ ಗೆನ್ ಬಂದ. ನನ್ನ ಹೆಂಡತಿ ಫುಸಾ ಅಕ್ಕಿಯ ಮದ್ಯ ಸಾಕೆಯನ್ನು ಬಿಸಿಮಾಡಿ ತಂದಳು. ಅದನ್ನು ಕಂಡರೆ ಸಾಕು ಎನ್ನದ ಮನುಷ್ಯ, ಬಟ್ಟಲನ್ನು ಮುಟ್ಟಲಿಲ್ಲ.

‘ತೆರು, ನಾನು ದೋಣಿಗೆ ಹೋಗಲ್ಲ.’

‘ಹೊಟ್ಟೆ ಸರಿ ಇಲ್ವಾ?’

‘ಒಂದನೇ ತಾರೀಕೂ ಹೋಗಲ್ಲ. ಆಮೇಲೂ ಹೋಗಲ್ಲ.’

‘ಆ ಹುಡುಗಿ ಏನಾದ್ರೂ ಮಂಕುಬೂದಿ ಎರಚಿದ್ಲಾ?’

‘ಯಾವ ಹುಡುಗಿ? ಅವರ ಪಾಡಿಗೆ ಅವರು ಕೂಗ್ತಾರೆ. ನಾನು ಅವರ ಕಡೆಯೋನಲ್ಲ ಕಣೋ. ತಿಮಿಂಗಿಲ ಇವತ್ತೂ ತಿಂತೀನಿ, ನಾಳೆನೂ ತಿಂತೀನಿ. ಆದ್ರೆ ಇವಳನ್ನ ಹೊಡಿಯಲ್ಲ.’

‘ಯಾವಳನ್ನ?’

‘ಕರುಣಾವತೀನ.’

ನಾನು ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

‘ನನ್ನ ಹೆಸರೂ ಅಲ್ಲಿ ಕೆಂಪಗೇ ಇದೆ,’ ಎಂದ. ‘ಮಿತ್ಸುಎ ಪಕ್ಕದಲ್ಲಿ. ದಿನಾ ಬೆಳಿಗ್ಗೆ ಅವಳಿಗೆ ನೀರು ಹಾಕೋವಾಗ ನನ್ನ ಹೆಸರು ನಾನೇ ಒರಸ್ತೀನಿ. ಈಗ ಪಕ್ಕದಲ್ಲಿ ಇನ್ನೊಬ್ಬಳು ಕೆಂಪಗೆ ಬಂದು ನಿಂತಿದಾಳೆ. ನೆರೆಮನೆಯೋಳ ಥರ. ಗುರುಗಳು ಬೆಳಿಗ್ಗೆ ನನ್ನ ಆಯುಸ್ಸಿಗೆ ಪ್ರಾರ್ಥನೆ ಮಾಡಿದ ಬಾಯಲ್ಲೇ ಅವಳದ್ದೂ ಹೇಳ್ತಾರೆ. ಹೋಗಿ ಹೇಗೋ ಹೊಡೀಲಿ?’

‘ಲೇ ದಡ್ಡ, ಸಮುದ್ರದಲ್ಲಿ ಸಾವಿರಾರು ಇವೆ. ಕರುಣಾವತಿ ಯಾವುದು ಅಂತ ನಿಂಗೇನು ಗೊತ್ತು?’

‘ಗೊತ್ತಿಲ್ಲ. ಅದಕ್ಕೇ ಯಾವುದನ್ನೂ ಹೊಡಿಯೋ ಹಾಗಿಲ್ಲ. ಮೊದಲು ಯಾವುದನ್ನ ಹೊಡೆದ್ರೂ ಅದೇ ಅವಳಾಗ್ತಾಳೆ. ಹಾಗಂತ ತಾನೇ ನೀನು ಹೆಸರಿಟ್ಟಿದ್ದು?’

‘ಹಾಗಾದ್ರೆ ಎರಡನೇದನ್ನ ಹೊಡಿ!’

‘ಮೊದಲನೇದಿಲ್ಲದೆ ಎರಡನೇದು ಎಲ್ಲಿಂದ ಬರುತ್ತೆ?’

ಟೋಕಿಯೋದಲ್ಲಿ ನನಗೆ ತರ್ಕಶಾಸ್ತ್ರ ಕಲಿಸಿದ ಪ್ರೊಫೆಸರರು ಇದ್ದಿದ್ದರೂ ಬಾಯಿ ಮುಚ್ಚುತ್ತಿದ್ದರು. ನಾನು ಮುಚ್ಚಲಿಲ್ಲ. ಹೇಡಿ ಎಂದೆ. ಹೆಂಡತಿ ಸತ್ತ ಮೇಲೆ ಅವನಿಗೆ ತಲೆ ಕೆಟ್ಟಿದೆ ಎಂದೆ. ಅದನ್ನು ಹೇಳಬಾರದಿತ್ತೇನೋ, ಹೇಳಿಯಾಗಿದೆ. ಮೂವತ್ತು ವರ್ಷ ಗುರಿ ತಪ್ಪದವನು ಈಗ ಮಾತು ತಪ್ಪಿದ ಎಂದೂ ಅಂದೆ. ಆ ಸಾಲು ಮಾತ್ರ ಚೆನ್ನಾಗಿ ಬಂತು.

‘ಗುರಿ ಎಷ್ಟೋ ಸಲ ತಪ್ಪಿದೆ,’ ಎಂದ ಗೆನ್, ಎದ್ದು ನಿಂತು. ‘ನೀನು ಕೇಳಿದ್ದೇ ಇಲ್ಲ.’

ಜೂನ್ 24

ದ್ರೋಹಿ.

ಜೂನ್ 25

ಹಾಗೆಂದೇ ಇವತ್ತೂ ಅನಿಸುತ್ತಿದೆ.

ಜೂನ್ 26, ಬುಧವಾರ

ಉಪಾಯ ಹೊಳೆಯಿತು. ತೊಂದರೆ ಕೊಡುತ್ತಿರುವುದು ಕೆಂಪು ತಾನೇ? ಕೆರೆದುಬಿಟ್ಟರಾಯಿತು. ಚಾಕು, ತಂತಿ ಬ್ರಷ್ಷು ಹಿಡಿದು ಸ್ಮಶಾನಕ್ಕೆ ಹೋದೆ. ಗುರುಗಳು ಪೊರಕೆ ಹಿಡಿದು ಅಲ್ಲೇ ಇದ್ದರು.

‘ಏನು ಉರಾಬೆಯವರೇ, ಸಾಮಾನು ಸಮೇತ?’

‘ಸಣ್ಣ ತಿದ್ದುಪಡಿ, ಗುರುಗಳೇ.’

‘ಸತ್ತಳಾ?’

‘ಇಲ್ಲ, ಅಂದರೆ, ಇನ್ನೂ...’

‘ಹಾಗಾದ್ರೆ ಮುಟ್ಟೋ ಹಾಗಿಲ್ಲ. ಬದುಕಿರೋರ ಕೆಂಪು ಕೆರೆಯೋದು ಅಂದ್ರೆ ನಮ್ಮಲ್ಲಿ ಒಂದೇ ಅರ್ಥ. ನಾಳೆ ನಿಮ್ಮ ಪಕ್ಕದ ಮನೆ ಮುದುಕಿ ಹೆಸರನ್ನೂ ಕೆರೀತೀರಾ?’

‘ಅದು ಪ್ರಾಣಿ, ಗುರುಗಳೇ!’

‘ಹೆಸರಿಟ್ಟೋರು ನೀವು,’ ಎಂದು ಗುಡಿಸತೊಡಗಿದರು. ಗುಡಿಸುತ್ತಲೇ, ‘ನಾನೂ ಒಪ್ಪಿದೆ ಅನ್ನಿ. ಲಯ ಚೆನ್ನಾಗಿತ್ತು,’ ಎಂದರು.

ಹೀಗೆ ಮಠವೂ ಕೈಕೊಟ್ಟಿತು. ಕಲ್ಲಿನ ಮುಂದೆ ಯಾರೋ ಹೂವಿಟ್ಟಿದ್ದಾರೆ. ಬಿಳಿ ಸೇವಂತಿಗೆ. ಕಲ್ಲಿನ ತಲೆಯ ಮೇಲೆ ಕಡಲಹಕ್ಕಿ ಗಲೀಜು ಮಾಡಿತ್ತು. ಸರ್ಕಾರಿ ದುಡ್ಡಿನ ಕಲ್ಲು ಎಂದು ಬ್ರಷ್ಷಿನಿಂದ ತೊಳೆದು ಬಂದೆ. ಬ್ರಷ್ಷು ಹೇಗೂ ಒಯ್ದಿದ್ದೆನಲ್ಲ.

ಜೂನ್ 28, ಶುಕ್ರವಾರ

ಅಧ್ಯಕ್ಷರು ಕರೆಸಿದರು. ಗೆನ್ ಇಲ್ಲದೆ ಸಂಘದವರು ದೋಣಿಯನ್ನು ಉತ್ತರದ ಪಕ್ಕದ ಬಂದರಿಗೆ ಬಾಡಿಗೆಗೆ ಕೊಡುತ್ತಿದ್ದಾರೆ. ಅಲ್ಲಿ ಫಿರಂಗಿಯ ಪರವಾನಗಿ ಉಳ್ಳವನಿದ್ದಾನೆ. ಟೀವಿಯವರೂ ಅಲ್ಲಿಗೇ. ಮೊದಲ ತಿಮಿಂಗಿಲವೂ ಅಲ್ಲಿಗೇ.

‘ಸಂಗ್ರಹಾಲಯದ ವಿಷಯ...’ ಎಂದರು, ಮುಂದೆ ಹೇಳದೆ ಚಹಾ ಕುಡಿದರು. ಮಾತು ಮುಗಿಸದೆ ಬೀಗ ಹಾಕುವುದನ್ನು ರಾಜಕಾರಣಿಗಳಿಂದ ಕಲಿಯಬೇಕು.

ಸಂಜೆ ಸುಮ್ಮನೆ ಅಸ್ಥಿಪಂಜರದ ಕೆಳಗೆ ಕೂತೆ. ಮೇಲೆ ಪಕ್ಕೆಲುಬುಗಳು. ಗೋದಾಮಿನಲ್ಲಿ ಇದನ್ನು ಬಿಚ್ಚಿ, ಡಬ್ಬಗಳಲ್ಲಿ ಇಡುತ್ತಾರೆ. ಬಿಚ್ಚುವಾಗ ಯಾವ ಮೂಳೆ ಎಲ್ಲಿಯದು ಎಂದು ಬರೆದಿಡುವುದಕ್ಕೂ ನನ್ನನ್ನೇ ಕರೆಯುತ್ತಾರೆ. ಮೂವತ್ತು ವರ್ಷದಲ್ಲಿ ಊರಿನ ಪ್ರತಿ ಮಗುವನ್ನೂ ಈ ಹೊಟ್ಟೆಯೊಳಗೆ ನಿಲ್ಲಿಸಿ ಪಾಠ ಹೇಳಿದ್ದೇನೆ. ಅದನ್ನೆಲ್ಲ ಒಂದು ಡಬ್ಬಿ ಕೆಂಪು ಬಣ್ಣಕ್ಕೆ ಮಾರಿದ ನನ್ನ ಗೆಳೆಯ.

ಜೂನ್ 29, ಶನಿವಾರ

ಮನೆಯಲ್ಲೂ ದ್ರೋಹ.

ಫುಸಾ ಊಟದ ಡಬ್ಬಿ ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು. ಶುಂಠಿ ಸೋಯಾದಲ್ಲಿ ಬೇಯಿಸಿದ ಬಂಗುಡೆಯ ವಾಸನೆ. ಆ ಬಂಗುಡೆ ನನ್ನ ತಟ್ಟೆಗೆ ಬಂದಿರಲಿಲ್ಲ.

‘ಯಾರಿಗೆ?’

‘ಗೆನ್ ಅವರಿಗೆ.’

‘ಅವನ ಜೊತೆ ನಾವು ಮಾತು ಬಿಟ್ಟಿದ್ದೇವೆ!’

‘ನೀವು ಬಿಟ್ಟಿದೀರಿ. ನಾನು ಮಿತ್ಸುಎಗೆ ಮಾತು ಕೊಟ್ಟಿದೀನಿ, ಶನಿವಾರ ಊಟ ಕಳಿಸ್ತೀನಿ ಅಂತ. ಇಬ್ಬರ ಜಗಳದಲ್ಲಿ ಬಂಗುಡೆ ಏನು ಪಾಪ ಮಾಡಿತ್ತು?’

‘ಆ ಹೂವು ಇಟ್ಟಿದ್ದೂ ನೀನೇನಾ?’

‘ಹೂಂ. ಹೊಸದಾಗಿ ಬಂದೋಳಿಗೆ ಒಂದು ಹೂವಿಡಬಾರದಾ? ಮತ್ತೆ ನೀವ್ಯಾಕ್ರೀ ಆ ಕಲ್ಲು ತೊಳೆದ್ರಿ? ಗುರುಗಳು ಹೇಳಿದ್ರು.’

‘ಅದು ಸಾರ್ವಜನಿಕ ಆಸ್ತಿ,’ ಎಂದೆ.

‘ಸರಿ. ನಾಳೆ ನಮ್ಮ ಬಾತ್‌ರೂಮೂ ಸಾರ್ವಜನಿಕ ಅಂದ್ಕೊಳ್ಳಿ,’ ಎಂದು ಡಬ್ಬಿ ಎತ್ತಿಕೊಂಡು ಹೋದಳು.

ಜೂನ್ 30

ಗಾಳಿ ಜೋರು. ತೆರೆ ಎತ್ತರ. ನಾಳೆ ಪಕ್ಕದ ಬಂದರಿನವರು ಹೊರಡುತ್ತಾರೆ. ಕರುಣಾವತಿ ಈ ಹೊತ್ತು ಎಲ್ಲಿದ್ದಾಳೋ. ದಕ್ಷಿಣಕ್ಕೆ ಹೋಗಿದ್ದರೆ ಒಳ್ಳೆಯದು. ಅಂದರೆ, ಪಕ್ಕದೂರಿನವರಿಗೆ ಸಿಗಬಾರದು ಎಂಬರ್ಥದಲ್ಲಿ.

ಜುಲೈ 1, ಸೋಮವಾರ

ಬೆಳಗಿನಿಂದ ಟೀವಿಯ ಮುಂದೆ. ಅಧಿಕಾರಿಗಳ ಭಾಷಣ, ಬಾವುಟ, ನಮ್ಮ ದೋಣಿ ಅವರ ಬಂದರಿನಿಂದ ಹೊರಡುವುದು. ಫಿರಂಗಿಯ ಹಿಂದೆ ಯಾರೋ ಅಪರಿಚಿತ. ನನ್ನ ಜಾಗದಲ್ಲಿ ಇನ್ಯಾರೋ ಮೈಕು ಹಿಡಿದು ತಿಮಿಂಗಿಲದ ಬಗ್ಗೆ ಮೂರು ತಪ್ಪು ಹೇಳಿದ. ಮಕ್ಕಳ ಪ್ರಶ್ನೆಗೆ ನಾನು ಎಂದೂ ಅಂಥ ಉತ್ತರ ಕೊಟ್ಟವನಲ್ಲ.

ಸಂಜೆ ಸುದ್ದಿಯಲ್ಲಿ ತೋರಿಸಿದರು. ಮೊದಲ ತಿಮಿಂಗಿಲವನ್ನು ಕ್ರೇನಿನಲ್ಲಿ ಮೇಲೆತ್ತುತ್ತಿದ್ದರು. ನೀಲಿ ತಾಡಪತ್ರಿ, ಚಪ್ಪಾಳೆ, ಅದರ ಮೈಮೇಲೆ ಸುರಿದ ಸಾಕೆ. ನಾನು ಎದ್ದು ಫೋನಿನ ಬಳಿ ಹೋಗಿದ್ದು ಹೇಗೋ ನೆನಪಿಲ್ಲ. ಪಕ್ಕದ ಬಂದರಿನ ಸಂಘದಲ್ಲಿ ಪರಿಚಯದವನೊಬ್ಬ ಇದ್ದಾನೆ.

‘ಅಭಿನಂದನೆ,’ ಎಂದೆ. ‘ಗಂಡೋ ಹೆಣ್ಣೋ?’

‘ಏನು, ನಮ್ಮನೇಲಿ ಬಾಣಂತನ ಅಂದ್ಕೊಂಡ್ರಾ?’ ಎಂದು ನಕ್ಕ. ಹಿಂದೆ ಗಲಾಟೆ, ಕುಡಿದವರ ಹಾಡು. ‘ತಡೀರಿ, ಕೇಳ್ತೀನಿ... ಗಂಡಂತೆ.’

ಫೋನಿಟ್ಟೆ. ಫುಸಾ ಬಾಗಿಲಲ್ಲಿ ನಿಂತಿದ್ದಳು.

‘ಗಂಡು,’ ಎಂದೆ.

‘ಓ,’ ಎಂದಳು. ಮತ್ತೆ ಅಡುಗೆಮನೆಗೆ ಹೋಗಿ ಬಂಗುಡೆ ತಂದಳು. ಇವತ್ತು ನನಗೂ ಒಂದು.

ಮನಸ್ಸಿಗೆ ಸಮಾಧಾನವಾಯಿತು. ವೈಜ್ಞಾನಿಕ ಕುತೂಹಲ ತಣಿದರೆ ಹಾಗಾಗುತ್ತದೆ.

ಜುಲೈ 4

ಅಧ್ಯಕ್ಷರು ಕೊನೆಗೂ ಮಾತು ಮುಗಿಸಿದರು. ಅಕ್ಟೋಬರಿಗೆ ಬೀಗ.

ಸಾಯೊ ಮತ್ತು ಅವಳ ಗುಂಪು ಪಕ್ಕದ ಬಂದರಿಗೆ ಹೋದರು. ಹೋಗುವಾಗ ಬ್ಯಾನರನ್ನು ಮಡಚಿ ನನ್ನ ಮೇಜಿನ ಮೇಲೆ ಇಟ್ಟು, ‘ಸಂಗ್ರಹಾಲಯಕ್ಕೆ,’ ಎಂದಳು. ಮುಚ್ಚುವ ಸಂಗ್ರಹಾಲಯಕ್ಕೆ ಬಂದ ಕೊನೆಯ ಕಾಣಿಕೆ ಶತ್ರುವಿನದು. ಸ್ನೇಹಿತರ ಕಾಣಿಕೆ ಏನೆಂದು ಈ ಪುಸ್ತಕದಲ್ಲೇ ಇದೆ.

ಜುಲೈ 7, ಭಾನುವಾರ

ಇಂದು ಗೆನ್‌ನ ಜೊತೆಗಿನ ಸ್ನೇಹಕ್ಕೆ ಅಧಿಕೃತವಾಗಿ ಅಂತ್ಯ ಹಾಡಲು ಹೊರಟೆ. ವಾಕ್ಯಗಳನ್ನು ದಾರಿಯುದ್ದಕ್ಕೂ ಉರುಹೊಡೆದಿದ್ದೆ. ಅವನು ತನ್ನ ಪುಟ್ಟ ದೋಣಿಯಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಗಳನ್ನು ಜೋಡಿಸುತ್ತಿದ್ದ. ಕಟ್ಟೆಯ ಮೇಲೆ ನಿಂತು ಬಯ್ದರೆ ಇಂಜಿನ್ನಿನ ಸದ್ದಿಗೆ ಕೇಳಿಸುವುದಿಲ್ಲವೆಂದು ದೋಣಿಗೆ ಇಳಿದೆ. ಅಷ್ಟೇ ನಾನು ಮಾಡಿದ ತಪ್ಪು.

‘ನನ್ನ ಜೀವಮಾನದ ಕೆಲಸ ನೀನು ಹಾಳು ಮಾಡಿದೆ,’ ಎಂದು ಶುರುಮಾಡಿದೆ.

‘ಹೂಂ,’ ಎಂದು ಹಗ್ಗ ಬಿಚ್ಚಿದ.

‘ಏ! ಎಲ್ಲಿಗೆ?’

‘ಮಡಕೆ ಇಳಿಸ್ಬೇಕು. ಜಗಳ ಆಡೋಕೆ ಬಂದೋನು ಪೂರ್ತಿ ಆಡು. ಕೂತ್ಕೋ, ಬಿದ್ದೀಯ.’

ಬಂದರಿನ ಗೋಡೆ ದಾಟುವವರೆಗೆ ಬಯ್ದೆ. ದಾಟಿದ ಮೇಲೆ ಹೊಟ್ಟೆ ಬಾಯಿಗೆ ಬಂತು. ಬಯ್ಗುಳದ ಉಳಿದ ಭಾಗ ಬೇರೆ ರೂಪದಲ್ಲಿ ಸಮುದ್ರಕ್ಕೆ ಹೋಯಿತು. ಗೆನ್ ನನ್ನ ಕಾಲರನ್ನು ಹಿಂದಿನಿಂದ ಹಿಡಿದುಕೊಂಡಿದ್ದ, ಶಾಲೆಯಲ್ಲಿ ಹಿಡಿಯುತ್ತಿದ್ದ ಹಾಗೆ.

‘ನಿನ್ನ ಸಂಗ್ರಹಾಲಯದ ವಿಷಯ ಕೇಳ್ದೆ,’ ಎಂದ. ‘ರಾತ್ರಿ ನಿದ್ದೆ ಬರಲ್ಲ ತೆರು. ನಂಗೆ ಬೇರೆ ದಾರಿ ಕಾಣ್ಲಿಲ್ಲ.’

‘ಕ್ಷಮಿಸಲ್ಲ.’

‘ಬೇಡ. ಬಾಯಿ ಒರೆಸ್ಕೋ.’

ಇಂಜಿನ್ ನಿಲ್ಲಿಸಿ ಮಡಕೆ ಇಳಿಸತೊಡಗಿದ. ಸಮುದ್ರ ಸೀಸದ ಬಣ್ಣ. ಅವನನ್ನು ಇನ್ನೂ ಕ್ಷಮಿಸಿಲ್ಲ, ಮುಂದೆಯೂ ಸುಲಭವಿಲ್ಲ. ಇದು ಇಲ್ಲಿ ದಾಖಲಾಗಲಿ. ಅದರ ಕೆಳಗೆ ಇದೂ ದಾಖಲಾಗಬೇಕಾಗಿದೆ. ಪ್ರಾಮಾಣಿಕತೆ ಎಂಬ ಕಾಯಿಲೆಯೂ ನನಗೆ ಈಚೆಗೆ ಅಂಟಿದಂತಿದೆ.

ದೋಣಿಯ ಪಕ್ಕದಲ್ಲಿ, ಕೈಯಿಂದ ತುಸು ದೂರ, ಕಪ್ಪಗೆ, ಒದ್ದೆಯಾಗಿ, ನುಣ್ಣಗೆ ಏನೋ ನೀರಿನಿಂದ ಎದ್ದಿತು. ಏಳುತ್ತಲೇ ಹೋಯಿತು. ನಾನು ಗೆನ್‌ನ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಿರುಚಿದೆ: ‘ಗೆನ್! ಬಂಡೆ! ಬಂಡೆಗೆ ಹೊಡಿತೀವಿ, ತಿರುಗಿಸೋ!’

ಬಂಡೆ ಉಸಿರು ಬಿಟ್ಟಿತು. ಮೀನಿನ ವಾಸನೆಯ ಬೆಚ್ಚನೆಯ ತುಂತುರು ನನ್ನ ಕನ್ನಡಕದ ಮೇಲೆ ಬಿತ್ತು. ಆಮೇಲೆ ಸದ್ದಿಲ್ಲದೆ ಒಳಗೆ ಹೋಯಿತು. ಗೆನ್ ಬಗ್ಗಿ ನನ್ನ ಮುಖವನ್ನೇ ನೋಡಿದ. ನಗುತ್ತಾನೆ ಎಂದುಕೊಂಡೆ. ನಗಲಿಲ್ಲ.

‘ತೆರು,’ ಎಂದ ಮೆಲ್ಲಗೆ, ‘ನೀನು ಇದುವರೆಗೂ...?’

ಹೌದು. ಮೂವತ್ತು ವರ್ಷ ಅದರ ಹೊಟ್ಟೆಯೊಳಗೆ ನಿಂತು ಪಾಠ ಹೇಳಿದ ನಾನು, ಬದುಕಿರುವ ತಿಮಿಂಗಿಲವನ್ನು ಇಂದಿನವರೆಗೆ ಕಂಡೇ ಇರಲಿಲ್ಲ.